ಎಂಬತ್ತಮೂರು ಕತ್ತಿಗಳ ಒಡೆಯ

ನಮ್ಮ ಭಾವನ ಮನೆಯಲ್ಲಿ ಟೊಮೆಟೊ ಹೆಚ್ಚಲು ಒಂದು ನೆಟ್ಟಗಿನ ಚಾಕು ಇಲ್ಲ! ಊರಿಗೆಲ್ಲ ಟೊಮೆಟೊ ಕಳಿಸುವ ಚಿಂತಾಮಣಿಯಲ್ಲಿದ್ದುಕೊಂಡು ಇಂಥ ಗತಿ. ಹಿಡಿ ಸಡಿಲವಾದ, ಮೂತಿ ಮುರಿದ ಒಂದು ಚಾಕು ಹಿಡಿದು ಅಕ್ಕ ಟೊಮೆಟೊ ಹೆಚ್ಚುವುದಿಲ್ಲ, ಹಿಸುಕುತ್ತಾಳೆ. ಆದರೆ ಅದೇ ಮನೆಯ ಗೋಡೆ ಬೀರುವಿನಲ್ಲಿ, ಮಖಮಲ್ಲಿನ ಹಾಸಿಗೆಯ ಮೇಲೆ, ಎಂಬತ್ತಮೂರು ಹಳೇ ಕಾಲದ ಕ್ಷೌರದ ಕತ್ತಿಗಳು ಹಾಯಾಗಿ ಮಲಗಿವೆ. ಒಂದೊಂದೂ ಗಾಳಿಯಲ್ಲಿ ತೇಲುವ ಕೂದಲನ್ನು ಎರಡು ಮಾಡುವಷ್ಟು ಹರಿತ. ಅದರಲ್ಲೊಂದನ್ನು ತೆಗೆದುಕೊಂಡು ಟೊಮೆಟೊ ಹೆಚ್ಚಬಾರದೇ ಎಂದು ನೀವು ಕೇಳಬಹುದು. ಅಕ್ಕ ಒಮ್ಮೆ ಹೆಚ್ಚಿದ್ದಳು. ಭಾವ ಮೂರು ದಿನ ಮಾತು ಬಿಟ್ಟಿದ್ದರು. ಅವಳ ಜೊತೆಗಲ್ಲ, ಟೊಮೆಟೊ ಗೊಜ್ಜು ತಿಂದು ಚೆನ್ನಾಗಿದೆ ಎಂದ ನನ್ನ ಜೊತೆಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ವೆ ಇಲಾಖೆಯಲ್ಲಿ ಆಯುಷ್ಯವೆಲ್ಲ ಸರಪಳಿ ಹಿಡಿದು ಹೊಲಗದ್ದೆ ಅಳೆದು, ನಿವೃತ್ತರಾಗಿ, ಈಗ ಮನೆಯಲ್ಲಿ ಕೂತು ಅಕ್ಕನ ತಾಳ್ಮೆಯನ್ನು ಅಳೆಯುತ್ತಿದ್ದಾರೆ. ನಾನು ಚಿಕ್ಕಬಳ್ಳಾಪುರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವನು. ನನ್ನ ಅಂಗಡಿಯ ಬಾಗಿಲಲ್ಲಿ ಗಡ್ಡ ಹೆರೆಯುವ ಪ್ಲಾಸ್ಟಿಕ್ ರೇಜರುಗಳು ತೋರಣದಂತೆ ನೇತಾಡುತ್ತವೆ. ಒಂದು ವಾರ ಬಳಸಿ ಬಿಸಾಡುವಂಥವು. ಈ ಒಂದು ಕಾರಣಕ್ಕೆ ಭಾವ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ರಸ್ತೆಯ ಆಚೆ ದಡದಲ್ಲಿ ನಿಂತು ಫೋನ್ ಮಾಡುತ್ತಾರೆ.

“ಆ ದರಿದ್ರಗಳನ್ನ ಒಳಗಿಡೋ, ಬರ್ತೀನಿ.”

“ಗಿರಾಕಿಗಳು ಕೇಳ್ತಾರೆ ಭಾವ.”

“ಗಿರಾಕಿಗಳು ವಿಷ ಕೇಳಿದ್ರೆ ಕೊಡ್ತೀಯೇನೋ?”

“ಡಾಕ್ಟ್ರ ಚೀಟಿ ಇದ್ರೆ ಕೊಡ್ತೀನಿ.”

ಇನ್ನು ಅವರ ಮನೆಗೆ ಹೋದವರ ಪಾಡು ಕೇಳಬೇಡಿ. ಬೇರೆ ಮನೆಗಳಲ್ಲಿ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಇಲ್ಲಿ ಉಪನ್ಯಾಸ ಕೊಡುತ್ತಾರೆ. ಬೀರುವಿನಿಂದ ಮೊದಲ ತಟ್ಟೆ ಹೊರಗೆ ಬರುತ್ತದೆ. ಅದರಲ್ಲಿರುವುದು ಎಲ್ಲಕ್ಕಿಂತ ಹಳೆಯ ಕತ್ತಿಗಳು. ಎರಡು ಕೊಂಬಿನ ಪಟ್ಟಿಗಳ ನಡುವೆ ಮಡಚಿಕೊಂಡಿರುವ ದಪ್ಪ ಬೆನ್ನಿನ ಅಲಗು, ಬೆನ್ನಿನಿಂದ ಬಾಯಿಯವರೆಗೆ ಸೌದೆ ಸೀಳುವ ಬೆಣೆಯ ಹಾಗೆ ನೇರವಾಗಿ ಇಳಿದಿರುತ್ತದೆ.

“ನೋಡಪ್ಪಾ, ಇದಕ್ಕೆ ಬಾಲ ಇಲ್ಲ. ಗಮನಿಸ್ದ್ಯಾ?” ಎನ್ನುತ್ತಾರೆ ಭಾವ.

ಬಂದವನು ಮದುವೆಯ ಆಮಂತ್ರಣ ಕೊಡಲು ಬಂದಿರುತ್ತಾನೆ. ಕತ್ತಿಗೆ ಬಾಲವಿರಬೇಕೆಂದು ಅವನಿಗೇನು ಗೊತ್ತು? “ಬಾಲಾನಾ?” ಎಂದು ಬಾಯಿ ತಪ್ಪಿ ಕೇಳಿಬಿಡುತ್ತಾನೆ. ಅಲ್ಲಿಗೆ ಅವನ ಕಥೆ ಮುಗಿಯಿತು. ಇನ್ನೊಂದು ಗಂಟೆ ಅವನು ಎದ್ದೇಳುವ ಹಾಗಿಲ್ಲ!

ಬಾಲ ಎಂದರೆ ಅಲಗಿನ ಬುಡದಲ್ಲಿ ಮೇಲಕ್ಕೆ ಬಾಗಿರುವ ಉಕ್ಕಿನ ತುದಿ, ಕಿರುಬೆರಳು ಊರುವ ಜಾಗ. ಆದಿಕಾಲದ ಕತ್ತಿಗಳಿಗೆ ಅದು ಇರಲಿಲ್ಲವಂತೆ. ಆಮೇಲೆ ಗೇಣುದ್ದ ಬೇಡ, ಉಗುರುದ್ದ ಬಂತಂತೆ. ಬರುಬರುತ್ತಾ ಉದ್ದವಾಗಿ, ಬಳುಕಿ, ಈಗ ನೋಡುವ ಆಕಾರಕ್ಕೆ ಬಂತಂತೆ. ಮನುಷ್ಯ ಬಾಲ ಕಳೆದುಕೊಂಡು ಮುಂದೆ ಬಂದ, ಕ್ಷೌರದ ಕತ್ತಿ ಬಾಲ ಬೆಳೆಸಿಕೊಂಡು ಮುಂದೆ ಬಂತು! ಭಾವನ ಪ್ರಕಾರ ಇವೆರಡರಲ್ಲಿ ನಿಜವಾಗಿ ಉದ್ಧಾರವಾದದ್ದು ಕತ್ತಿ ಮಾತ್ರ.

ಎರಡನೆಯ ತಟ್ಟೆಯ ಕತ್ತಿಗಳು ತೆಳ್ಳಗೆ. ಅಲಗಿನ ಎರಡೂ ಕೆನ್ನೆಗಳನ್ನು ಕಲ್ಲುಚಕ್ರಕ್ಕೆ ಹಿಡಿದು ಒಳಕ್ಕೆ ಗುಳಿ ತೆಗೆದಿರುತ್ತಾರೆ. ಉಗುರಿನಿಂದ ಮೀಟಿದರೆ ಟಿಂಯ್ ಎನ್ನುತ್ತದೆ. ಭಾವ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ಬಂದವನೂ ಕಣ್ಣು ಮುಚ್ಚಬೇಕು. ಆಮೇಲೆ ಮೂತಿಗಳ ಸರದಿ. ಚೌಕ ಮೂತಿ, ದುಂಡು ಮೂತಿ, ಓರೆ ಮೂತಿ. ಚೌಕದ್ದಾದರೆ ಮೀಸೆಯ ಅಂಚು ತೀಡಲು ಲಾಯಕ್ಕು, ಆದರೆ ಕೈ ಜಾರಿದರೆ ಕಿವಿಗೂ ಲಾಯಕ್ಕು. ಮೂರನೆಯ ತಟ್ಟೆಯಲ್ಲಿ ಹಿಡಿಗಳ ವೈಭವ. ಮೊದಲು ಕೊಂಬು, ಆಮೇಲೆ ಮೂಳೆ, ಶ್ರೀಮಂತರಿಗೆ ದಂತ, ಕೊನೆಗೆ ದಂತದ ವೇಷ ಹಾಕಿದ ಪ್ಲಾಸ್ಟಿಕ್ಕು. ಅಲಗಿನ ಮೇಲೆ ಹಡಗು, ಬಳ್ಳಿ, ಗಡ್ಡ ಹೊತ್ತ ಯಾರೋ ಅರಸ, ಏನುಂಟು ಏನಿಲ್ಲ! ಗಡ್ಡ ತೆಗೆಯುವ ಕತ್ತಿಯ ಮೇಲೆ ಗಡ್ಡದವನ ಚಿತ್ರ ಯಾಕೆ ಬಿಡಿಸಿದರೋ, ಕೇಳುವ ಧೈರ್ಯ ನನಗಾಗಿಲ್ಲ.

ನಾಲ್ಕನೆಯ ತಟ್ಟೆ ಖಾಲಿ. ಅದನ್ನು ಬೇಕೆಂದೇ ಖಾಲಿ ಇಟ್ಟಿದ್ದಾರೆ. ಈಗಿನ ಸೆಲೂನುಗಳಲ್ಲಿ ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಒಂದು ಸಾಧನ ಇದೆಯಲ್ಲ, ಅದನ್ನು ಸೇರಿಸಿ ಎಂದು ನಾನೊಮ್ಮೆ ಸಲಹೆ ಕೊಟ್ಟಿದ್ದೆ.

“ಅದು ಕತ್ತಿ ಅಲ್ಲ ಕಣೋ, ಇಕ್ಕಳ. ಇತಿಹಾಸ ಮೂರನೇ ತಟ್ಟೇಲೇ ಮುಗೀತು.”

“ಮತ್ತೆ ನಾಲ್ಕನೇ ತಟ್ಟೆ ಯಾಕೆ?”

“ದುಃಖಕ್ಕೆ.”

ಇಷ್ಟನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಉಪನ್ಯಾಸದ ಕೊನೆಯಲ್ಲಿ ಒಂದು ಪ್ರಶ್ನೆ ಬರುತ್ತಿತ್ತು. ಭಾವ ಎದುರಿಗಿರುವವನ ಗಡ್ಡವನ್ನು ಆಸೆಯಿಂದ ನೋಡಿ, ಮೆಲ್ಲಗೆ ಕೇಳುತ್ತಿದ್ದರು, “ಒಂದ್ಸಲ ಕೂತ್ಕೋತೀಯಾ? ಐದೇ ನಿಮಿಷ.” ಆಮಂತ್ರಣದವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಇಳಿಯುತ್ತಿದ್ದ. ಭಾವನ ಜೀವನದಲ್ಲಿ ಈಡೇರದೆ ಉಳಿದಿದ್ದ ಆಸೆ ಅದೊಂದೇ. ಯಾರಾದರೂ ಒಬ್ಬರು, ಒಂದೇ ಒಂದು ಸಲ, ನಂಬಿ ಅವರ ಮುಂದೆ ಕುರ್ಚಿಯಲ್ಲಿ ಕೂತು ಕತ್ತು ಹಿಂದಕ್ಕೆ ಚೆಲ್ಲಬೇಕು.

ಯಾರೂ ಕೂರದಿರುವುದಕ್ಕೆ ಕಾರಣವೂ ಇತ್ತು. ಭಾವ ತಮ್ಮ ಗಡ್ಡದ ಮೇಲೆಯೇ ವಿದ್ಯೆ ಕಲಿತವರು. ಕಲಿಯುವ ಒಂದು ವರ್ಷ ಅವರ ಮುಖದಲ್ಲಿ ಚರ್ಮಕ್ಕಿಂತ ಪ್ಲಾಸ್ಟರೇ ಜಾಸ್ತಿ ಇತ್ತು. ನನ್ನ ಅಂಗಡಿಯ ಪ್ಲಾಸ್ಟರ್ ಡಬ್ಬಿಗಳು ಡಬ್ಬಿಗಳಾಗಿ ಚಿಂತಾಮಣಿ ಬಸ್ಸು ಹತ್ತುತ್ತಿದ್ದವು. ಕತ್ತಿ ಹರಿತವಾಯಿತೋ ಇಲ್ಲವೋ ಎಂದು ಎಡಗೈ ಮೇಲೆ ಎಳೆದು ನೋಡುತ್ತಿದ್ದರಿಂದ ಆ ಕೈ ಮಗುವಿನ ಕೈಯಂತೆ ನುಣ್ಣಗೆ, ಬಲಗೈ ಕರಡಿಯದು. ಇವರು ಹಾಲು ತರಲು ಹೋದರೆ ಜನ ಅಕ್ಕನ ಬಳಿ ಬಂದು, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದು ವಿಚಾರಿಸುತ್ತಿದ್ದರು. ನಿಜ ಹೇಳಬೇಕೆಂದರೆ ಎರಡನೆಯ ವರ್ಷದಿಂದ ಅವರ ಮುಖದ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಕೆನ್ನೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಊರು ಪ್ಲಾಸ್ಟರನ್ನು ಮರೆಯಲಿಲ್ಲ. ಮರೆಯದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬ. ಮದುವೆ ಮನೆಗಳಲ್ಲಿ ಆ ಕಥೆಯನ್ನು ಅಭಿನಯಿಸಿ ತೋರಿಸುವುದಕ್ಕೆ ನನಗೆ ಬಹಳ ಬೇಡಿಕೆ ಇತ್ತು.

ಇಷ್ಟು ಕತ್ತಿಗಳು ಎಲ್ಲಿಂದ ಬಂದವು ಅನ್ನುತ್ತೀರಾ? ಕಾಯಿಲೆಗಳ ಹೆದರಿಕೆ ಶುರುವಾಗಿ ಸೆಲೂನಿನವರೆಲ್ಲ ಅರ್ಧ ಬ್ಲೇಡಿಗೆ ಬದಲಾದಾಗ, ಹಳೆಯ ಕತ್ತಿಗಳು ತಗಡಿನ ಡಬ್ಬಗಳಲ್ಲಿ ತುಕ್ಕು ಹಿಡಿಯುತ್ತಾ ಬಿದ್ದವು. ಭಾವನಿಗೆ ಅದೇ ಸುಗ್ಗಿ. ಅಳತೆಗೆಂದು ಯಾವ ಊರಿಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಸರ್ವೆ ನಂಬರನ್ನಲ್ಲ, ಆ ಊರಿನ ಹಳೇ ಸೆಲೂನನ್ನು.

ಒಮ್ಮೆ ಗೌರಿಬಿದನೂರಿನ ಕಡೆಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಜಮೀನಿನ ತಕರಾರು. ಆರು ವರ್ಷದಿಂದ ಮಾತಿಲ್ಲದ ಇಬ್ಬರು. ಭಾವ ಸರಪಳಿಯ ಒಂದು ತುದಿಯನ್ನು ಅಣ್ಣನ ಕೈಗೆ, ಇನ್ನೊಂದು ತುದಿಯನ್ನು ತಮ್ಮನ ಕೈಗೆ ಕೊಟ್ಟು, “ಅಲ್ಲಾಡ್ಬೇಡಿ, ಈಗ ಬಂದೆ” ಎಂದು ಹೋದರು. ಹೋದದ್ದು ಬೇಲಿಯಾಚೆಯ ಮನೆಯ ಜಗಲಿಗೆ. ಅಲ್ಲೊಬ್ಬ ಮುದುಕರು ಮೂಳೆ ಹಿಡಿಯ ಕತ್ತಿಯಲ್ಲಿ ತಮ್ಮ ಗಡ್ಡ ಬೋಳಿಸಿಕೊಳ್ಳುತ್ತಿದ್ದದ್ದು ಇವರ ಕಣ್ಣಿಗೆ ಬಿದ್ದಿತ್ತು! ಎರಡು ಗಂಟೆಯ ಮೇಲೆ ವಾಪಸ್ಸು ಬಂದು ನೋಡಿದರೆ ಅಣ್ಣತಮ್ಮಂದಿರು ಸರಪಳಿ ಬಿಸಾಡಿ ಒಂದೇ ಹೊಂಗೆ ಮರದ ಕೆಳಗೆ ಅಕ್ಕಪಕ್ಕ ಕೂತಿದ್ದರು.

“ಎಂಥಾ ಪಿಚ್ಚೋಡ್ನ ಕಳ್ಸವ್ರಣ್ಣಾ ನಮ್ಗೆ,” ಎನ್ನುತ್ತಿದ್ದ ತಮ್ಮ.

“ಹೂಂ ಕಣೋ, ಹುಚ್ಚ, ಬಿಸ್ಲಲ್ಲಿ ನಿಲ್ಸಿ ಹೋಗವ್ನೆ. ನಡಿ, ಮನೇಲೇ ಮಾತಾಡ್ಕೊಳಣ,” ಎನ್ನುತ್ತಿದ್ದ ಅಣ್ಣ.

ಭಾವನನ್ನು ಬೈಯುತ್ತಾ ಬೈಯುತ್ತಾ ಅವರಿಬ್ಬರೂ ರಾಜಿಯಾದರು. ಭಾವನ ಸರ್ವಿಸಿನಲ್ಲಿ ಅಷ್ಟು ಚೆನ್ನಾಗಿ ಬಗೆಹರಿದ ತಕರಾರು ಇನ್ನೊಂದಿಲ್ಲ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವ ಮನುಷ್ಯ ಎಂದುಕೊಳ್ಳಬೇಡಿ. ಅಲೀಪುರದಲ್ಲಿ ಒಬ್ಬ ಹಿರಿಯರ ಮನೆಯಲ್ಲಿ ದಂತದ ಹಿಡಿಯ ಒಂದು ಕತ್ತಿ ಇತ್ತು. ಭಾವ ಮೊದಲ ದಿನ ಕೇಳಿದಾಗ ಆ ಹಿರಿಯರು ನಕ್ಕು, “ಯೇ ಹಮಾರೇ ದಾದಾಕಾ ಸಾಹೇಬ್, ನಮ್ ತಾತಂದು, ಮಾರಕ್ಕಿಲ್ಲ. ನೋಡ್ಬೇಕು ಅಂದ್ರೆ ಯಾವಾಗ್ ಬೇಕಾದ್ರೂ ಬನ್ನಿ,” ಎಂದರಂತೆ. ಭಾವ ಎರಡನೆಯ ಸಲ ಕೇಳಲಿಲ್ಲ. ಆದರೆ ನೋಡುವುದಕ್ಕೆ ಮಾತ್ರ ವರ್ಷಕ್ಕೆರಡು ಸಲ ತಪ್ಪದೆ ಹೋದರು. ಅವರು ಬರುತ್ತಾರೆಂದು ಆ ಹಿರಿಯರು ಕತ್ತಿಗೆ ಎಣ್ಣೆ ಸವರಿ ಇಟ್ಟಿರುತ್ತಿದ್ದರಂತೆ. ಅಕ್ಕ ಒಮ್ಮೆ ತಡೆಯಲಾರದೆ ಕೇಳಿದಳು.

“ಇಷ್ಟು ಸಲ ಹೋಗಿದ್ದೀರಲ್ಲ, ತಂದಿದ್ದೇನ್ರೀ?”

“ಏನೂ ಇಲ್ಲ. ಚಾ ಕುಡಿದೆ, ಬಿಸ್ಕತ್ ತಿಂದೆ.”

“ಬಿಸ್ಕತ್ ತಿನ್ನಕ್ಕೆ ಎರಡು ಬಸ್ ಬದಲಾಯಿಸ್ಬೇಕಾ? ನಮ್ ಬೀದೀಲಿ ಬೇಕರಿ ಇಲ್ವಾ?”

ಇನ್ನು ಶಿಡ್ಲಘಟ್ಟದ ಪೆಟ್ಟಿಗೆಯ ಕಥೆ. ಅಲ್ಲಿ ಬಾಗಿಲು ಹಾಕಿದ್ದ ಒಂದು ಹಳೇ ಸೆಲೂನಿನಲ್ಲಿ ಭಾವನಿಗೆ ಏಳು ಕತ್ತಿಗಳ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಂದೊಂದು ಕತ್ತಿಯ ಬೆನ್ನಿನ ಮೇಲೂ ಒಂದೊಂದು ವಾರದ ಹೆಸರು ಕೊರೆದಿತ್ತು, ಸೋಮವಾರದಿಂದ ಭಾನುವಾರದವರೆಗೆ. ಹೊರದೇಶದ ಸಾಹುಕಾರರು ದಿನಕ್ಕೊಂದು ಕತ್ತಿಯಲ್ಲಿ ಗಡ್ಡ ಮಾಡಿಕೊಂಡು, ಉಳಿದ ಆರು ದಿನ ಅದಕ್ಕೆ ವಿಶ್ರಾಂತಿ ಕೊಡುತ್ತಿದ್ದರಂತೆ. ನಮ್ಮಲ್ಲಿ ಮನುಷ್ಯರಿಗೆ ವಾರಕ್ಕೊಂದು ರಜ, ಅಲ್ಲಿ ಕತ್ತಿಗೆ ಆರು! ಭಾವ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದು, ನಾಳೆಯಿಂದ ಸಂಪ್ರದಾಯದ ಪ್ರಕಾರವೇ ಬಳಸುತ್ತೇನೆಂದು ಘೋಷಿಸಿದರು.

ಸಂಪ್ರದಾಯ! ಅಕ್ಕನ ಸಂಪ್ರದಾಯ ಬೇರೆ ಇತ್ತಲ್ಲ. ಮಂಗಳವಾರ ನಮ್ಮ ಕಡೆ ಸೆಲೂನೇ ತೆಗೆಯುವುದಿಲ್ಲ, ಶುಕ್ರವಾರ ಲಕ್ಷ್ಮಿಯ ದಿನ, ಶನಿವಾರ ಅವರ ಮನೆದೇವರ ವಾರ. ಈ ಮೂರು ದಿನ ಮನೆಯಲ್ಲಿ ಗಡ್ಡ ಬೋಳಿಸುವಂತಿಲ್ಲ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. ಭಾವನಿಗೆ ಶುಕ್ರ, ಶನಿ ಹೋದರೆ ಹೋಗಲಿ, ಆದರೆ ಮಂಗಳವಾರದ ಕತ್ತಿಯ ಮೇಲೆ ವಿಶೇಷ ಮಮತೆ. ಶಿಡ್ಲಘಟ್ಟದ ಸೆಲೂನಿನವರೂ ಮಂಗಳವಾರ ರಜ ಮಾಡುತ್ತಿದ್ದರಿಂದ ಅದೊಂದು ಕತ್ತಿ ಅಂದಿನಿಂದ ಇಂದಿನವರೆಗೂ ಗಡ್ಡವನ್ನೇ ಕಂಡಿರಲಿಲ್ಲ! ಒಂದು ವಾರ ಯೋಚಿಸಿ ಭಾವ ಒಂದು ದಾರಿ ಕಂಡುಹಿಡಿದರು.

“ನೋಡೇ, ಇದು ಜರ್ಮನಿ ಕತ್ತಿ. ಮಂಗಳವಾರ ಬೆಳಿಗ್ಗೆ ನಾವು ಮೂರಕ್ಕೆ ಎದ್ರೆ ಜರ್ಮನೀಲಿ ಇನ್ನೂ ಸೋಮವಾರಾನೇ ನಡೀತಿರತ್ತೆ. ಆವಾಗ ಮಾಡ್ಕೊಂಡ್ರೆ ತಪ್ಪಿಲ್ಲ.”

ಅಕ್ಕ ಅಕ್ಕಿ ಆರಿಸುತ್ತಾ ತಲೆ ಎತ್ತಲೂ ಇಲ್ಲ. “ಸೋಮವಾರ ಆದ್ರೆ ಸೋಮವಾರದ ಕತ್ತಿ ತಗೊಳ್ಳಿ.”

ಎಂಥೆಂಥ ವಕೀಲರ ಮುಂದೆ ನಕ್ಷೆ ಬಿಡಿಸಿ ಗೆದ್ದ ಸರ್ವೆಯರು, ಅಕ್ಕಿ ಆರಿಸುವವಳ ಮುಂದೆ ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯನ್ನೂ ಮುಚ್ಚಿದರು.

ಕತ್ತು ಕೊಡುವವರಿಗಾಗಿ ಹುಡುಕಾಟ ಮಾತ್ರ ನಿಲ್ಲಲಿಲ್ಲ. ನೆಂಟರ ಪೈಕಿ ಒಂದು ಮಗುವಿನ ಹುಟ್ಟುಹಬ್ಬದಲ್ಲಿ ಭಾವ ಬಹಿರಂಗ ಪ್ರದರ್ಶನಕ್ಕೇ ಇಳಿದರು. ಊದಿದ ಬಲೂನಿಗೆ ಸೋಪಿನ ನೊರೆ ಬಳಿದು, ಒಡೆಯದಂತೆ ಕತ್ತಿಯಲ್ಲಿ ಹೆರೆದು ತೋರಿಸುವುದು! ಮೊದಲ ಬಲೂನು ಸಲೀಸಾಗಿ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದಕ್ಕೆ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಭಾವನ ಕೈ ಎಷ್ಟು ನಿಶ್ಚಲವಾಗಿತ್ತೆಂದರೆ ನೊರೆ ತಾನಾಗಿಯೇ ಸರಿದು ದಾರಿ ಬಿಡುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ದೂರದ ಚಿಕ್ಕಪ್ಪ ಒಬ್ಬರು ಗಡ್ಡ ಸವರಿಕೊಂಡು, “ಪರವಾಗಿಲ್ವೇ, ನಾನೂ ಒಂದು ಕೈ...” ಎಂದು ಅರ್ಧ ಎದ್ದೂಬಿಟ್ಟರು. ಭಾವನ ಮುಖ ಅರಳಿತು. ಅಷ್ಟರಲ್ಲಿ ಒಳಗಿನಿಂದ ಅಕ್ಕ, “ರೀ, ಕೇಕ್ ಪಕ್ಕದಲ್ಲಿ ಬೇಡ ಅಂದಿದ್ನಲ್ಲಾ!” ಎಂದು ಕೂಗಿದಳು. ಢಂ! ನೊರೆಯೆಲ್ಲ ಕೇಕಿನ ಮೇಲೆ. ಚಿಕ್ಕಪ್ಪ ಎದ್ದ ವೇಗಕ್ಕಿಂತ ಎರಡರಷ್ಟು ವೇಗದಲ್ಲಿ ಕೂತರು. ಕೇಕನ್ನು ಯಾರೂ ತಿನ್ನಲಿಲ್ಲ, ಒಬ್ಬರನ್ನು ಬಿಟ್ಟು. ಭಾವ ಒಬ್ಬರೇ ಮೂಲೆಯಲ್ಲಿ ನಿಂತು, ನೊರೆ ಸರಿಸಿ ಸರಿಸಿ ತಿಂದರು.

ನನ್ನ ಕತ್ತನ್ನಂತೂ ಅವರು ಹನ್ನೆರಡು ವರ್ಷದಿಂದ ಕೇಳುತ್ತಿದ್ದರು. ನಾನೂ ಹನ್ನೆರಡು ವರ್ಷದಿಂದ ತಪ್ಪಿಸಿಕೊಳ್ಳುತ್ತಿದ್ದೆ. ಹಲ್ಲುನೋವು, ಬಾಯಿಹುಣ್ಣು, ನಾಳೆ ಮದುವೆ, ನಿನ್ನೆ ತಿಥಿ, ಚರ್ಮದ ಡಾಕ್ಟರು ಬೇಡ ಎಂದಿದ್ದಾರೆ. ಔಷಧಿ ಅಂಗಡಿಯವನಿಗೆ ಕಾಯಿಲೆಗಳ ಹೆಸರಿಗೆ ಬರವೇ? ಒಂದು ಸಲ ಯಾವ ನೆವವೂ ಹೊಳೆಯದೆ ದೇವರನ್ನೇ ಅಡ್ಡ ತಂದೆ. ಹರಕೆ ಇದೆ, ಕೈವಾರಕ್ಕೆ ಹೋಗುವವರೆಗೆ ಗಡ್ಡ ತೆಗೆಯುವಂತಿಲ್ಲ ಎಂದೆ. ಮೂರು ತಿಂಗಳು ಗಡ್ಡ ಬಿಟ್ಟೆ. ಅಂಗಡಿಗೆ ಬಂದವರೆಲ್ಲ ಸಾಲ ಮಾಡಿಕೊಂಡೆಯಾ ಎಂದು ಕೇಳತೊಡಗಿದರು.

ಭಾವ ಬಿಡುವ ಆಸಾಮಿಯೇ? “ಸರಿ ಹಾಗಾದ್ರೆ, ಕೈವಾರಕ್ಕೇ ಬರ್ತೀನಿ. ದರ್ಶನ ಮುಗಿಸ್ಕೊಂಡು ಬಾ, ನಾನೇ ತೆಗೀತೀನಿ,” ಎಂದುಬಿಟ್ಟರು. ತಮಾಷೆಗೆ ಅಂದಿರಬೇಕು ಎಂದುಕೊಂಡೆ. ನಾನು ಹೊರಟ ದಿನ ಅಕ್ಕ ಫೋನ್ ಮಾಡಿದಳು. “ನಿಮ್ ಭಾವ ಬೆಳಿಗ್ಗೇನೇ ಪೆಟ್ಟಿಗೆ ತಗೊಂಡು ಬಸ್ ಹತ್ತಿದ್ರು ಕಣೋ. ಬಿಸಿನೀರಿಗೆ ಫ್ಲಾಸ್ಕ್ ಬೇರೆ!” ನಾನು ಚಿಂತಾಮಣಿಯಲ್ಲೇ ಬಸ್ಸಿಳಿದು, ಎದುರಿಗೆ ಕಂಡ ಸೆಲೂನಿಗೆ ನುಗ್ಗಿ, ಮೂರು ತಿಂಗಳ ಗಡ್ಡವನ್ನು ಹತ್ತು ನಿಮಿಷದಲ್ಲಿ ತೆಗೆಸಿಕೊಂಡು ಕೈವಾರ ಸೇರಿದೆ.

ಭಾವ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಪೆಟ್ಟಿಗೆ, ಫ್ಲಾಸ್ಕು, ಒಗೆದು ಮಡಚಿದ ಬಿಳಿ ಟವೆಲು. ನನ್ನ ನುಣುಪಾದ ಮುಖವನ್ನು ನೋಡಿದರು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

“ಯಾರು ಮಾಡಿದ್ದು?”

“ದಾರೀಲಿ... ಯಾರೋ... ಜನ ಕಮ್ಮಿ ಇದ್ರು ಭಾವ, ಅದ್ಕೆ.”

“ಕಿವಿ ಕೆಳಗೆ ಎರಡು ಎಳೆ ಬಿಟ್ಟಿದ್ದಾನೆ,” ಎಂದಷ್ಟೇ ಹೇಳಿ ಟವೆಲನ್ನು ಚೀಲಕ್ಕೆ ತುರುಕಿದರು. ಆಮೇಲೆ ನನಗೆ ಇಡ್ಲಿ ಕೊಡಿಸಿದರು. ಫ್ಲಾಸ್ಕಿನ ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿ, ಕುಡಿ, ಗಂಟಲಿಗೆ ಒಳ್ಳೆಯದು ಎಂದರು. ನಾನು ಕುಡಿದೆ. ಊರಿಗೆ ಬಂದು ಈ ಕಥೆಯನ್ನು ಎಷ್ಟು ಜನಕ್ಕೆ ಹೇಳಿ ನಗಿಸಿದೆನೋ ಲೆಕ್ಕವಿಲ್ಲ. ಫ್ಲಾಸ್ಕಿನ ಮಾತು ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಕ್ಕ ಫೋನ್ ಮಾಡಿ, “ಬರೋವಾಗ ಪ್ಲಾಸ್ಟರ್ ತಗೊಂಡ್ ಬಾರೋ, ಜಾಸ್ತೀನೇ,” ಎಂದಳು.

“ಏನಕ್ಕಾ, ಮೊದಲಿಂದ ಕಲಿಯೋಕೆ ಶುರು ಮಾಡಿದ್ರಾ?” ಎಂದು ನಾನು ನಕ್ಕೆ.

ಅವಳು ನಗಲಿಲ್ಲ.

ನಾನು ಹೋದಾಗ ಭಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕೆನ್ನೆಯ ಮೇಲೆ ಎರಡು ವಾರದ ಬಿಳಿ ಗಡ್ಡ, ನಡುವೆ ಅಲ್ಲಲ್ಲಿ ಒಣಗಿದ ಗಾಯಗಳು. ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನು ಅದುರುತ್ತಿತ್ತು. ಅವರು ಅದರ ಮೇಲೆ ಎಡಗೈ ಇಟ್ಟು ಒತ್ತಿ ಹಿಡಿದಿದ್ದರು. ನರದ ಕಾಯಿಲೆಯಂತೆ. ಡಾಕ್ಟರು ಬರೆದುಕೊಟ್ಟ ಗುಳಿಗೆಗಳನ್ನು ನಾನು ದಿನಾ ನನ್ನ ಅಂಗಡಿಯಲ್ಲಿ ಮಾರುತ್ತೇನೆ. ಅವುಗಳಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಅಕ್ಕ ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. “ಸೆಲೂನ್‌ಗೆ ಕರ್ಕೊಂಡ್ ಹೋದ್ರೆ ಬಾಗಿಲ್ವರೆಗೂ ಬಂದು ವಾಪಸ್ ತಿರುಗಿಬಿಟ್ರು. ನಾನ್ ಮಾಡ್ತೀನಿ ಬನ್ನಿ ಅಂದೆ. ಟೊಮೆಟೊ ಹಿಸುಕೋ ಕೈ ನಿಂದು ಅಂದ್ರು. ಮೊನ್ನೆ ನಾನ್ ಸ್ನಾನಕ್ಕೆ ಹೋಗಿದ್ದಾಗ ಒಬ್ಬರೇ ಕತ್ತಿ ತಗೊಂಡು...”

ನಾನು ಹೊರಗೆ ಬಂದು ಚೀಲದಿಂದ, ಪ್ಲಾಸ್ಟರಿನ ಜೊತೆಗೆ ತಂದಿದ್ದ ಬ್ಯಾಟರಿಯ ಟ್ರಿಮ್ಮರ್ ತೆಗೆದೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಬೇಡವೆಂದು ತಲೆಯಾಡಿಸಿದರು. ಆಮೇಲೆ ಕೇಳಿದರು.

“ನೀನ್ ಮಾಡ್ತೀಯಾ?”

ನಾನು ಎಂದೂ ಆ ಕತ್ತಿಗಳನ್ನು ಕೈಯಲ್ಲಿ ಹಿಡಿದವನಲ್ಲ. ಬಾಯಲ್ಲಿ ಮಾತ್ರ ಆಡಿಸಿದವನು. ಆದರೂ ಹೂಂ ಎಂದೆ. ಅವರು ಬೀರುವಿನತ್ತ ಕೈ ತೋರಿಸಿ, ಎರಡನೆಯ ತಟ್ಟೆಯ ಮೂಲೆಯಲ್ಲಿದ್ದ ಒಂದು ದುಂಡು ಮೂತಿಯದನ್ನು ತೆಗೆಸಿದರು. “ಇದಕ್ಕೆ ಮೂಲೆ ಇಲ್ಲ, ಚುಚ್ಚಲ್ಲ. ಕಲಿಯೋರಿಗೆ ಇದೇ ಸರಿ,” ಎಂದರು. ಯಾವ ದೇಶದ್ದು, ಯಾವ ಕಾಲದ್ದು, ಬಾಲ ಯಾಕೆ ಹಾಗೆ ಬಾಗಿದೆ ಎಂದು ಹೇಳುತ್ತಾರೆಂದು ಕಾದೆ. ಏನೂ ಹೇಳಲಿಲ್ಲ. ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು, ಬಾಯಿ ಮುಂದಾಗಿ ಎಳೆದರೆ ಪಟ್ಟಿಯೇ ತುಂಡಾಗುತ್ತದೆ ಎಂದು ತೋರಿಸಿಕೊಟ್ಟರು. ಆಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಲು ಹೋದರು. ಬರಲಿಲ್ಲ. ನಾನೇ ಬಿಚ್ಚಿದೆ. ಅವರು ತಲೆಯನ್ನು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದರು.

ಹನ್ನೆರಡು ವರ್ಷ ಎಷ್ಟೆಷ್ಟೋ ಸುಳ್ಳು ಹೇಳಿ ನಾನು ಏನನ್ನು ಕಾಪಾಡಿಕೊಂಡಿದ್ದೆನೋ, ಅದನ್ನು ಅವರು ಎರಡನೆಯ ಮಾತಿಲ್ಲದೆ ನನಗೆ ಒಪ್ಪಿಸಿಬಿಟ್ಟಿದ್ದರು.

“ಭಾವ, ಭಯ ಆಗ್ತಿದೆ.”

“ಆಗ್ಲಿ. ಭಯ ಇರೋ ಕೈ ಒತ್ತಲ್ಲ. ಎಡಗೈಲಿ ಚರ್ಮ ಮೇಲಕ್ಕೆ ಎಳಿ. ಹಾಂ. ಕತ್ತಿ ಮಲಗಿಸ್ಕೋ, ನಿಲ್ಲಿಸ್ಬೇಡ. ಈಗ ಇಳಿಸು.”

ಮುಕ್ಕಾಲು ಗಂಟೆ ಹಿಡಿಯಿತು. ಎರಡು ಕಡೆ ಗಾಯ ಮಾಡಿದೆ. ಎರಡು ಸಲವೂ ಅವರು ಹುಬ್ಬು ಕೂಡ ಅಲ್ಲಾಡಿಸಲಿಲ್ಲ. ನನಗೇ ಬೆವರು ಇಳಿದು ಕನ್ನಡಕ ಮಂಜಾಯಿತು. ಮುಗಿದ ಮೇಲೆ ಅದುರುವ ಬೆರಳುಗಳಿಂದ ಕೆನ್ನೆ ಸವರಿ ನೋಡಿಕೊಂಡು, “ಪರವಾಗಿಲ್ಲ, ಜೀವ ಇದೆ,” ಎಂದರು. ಅಕ್ಕ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವವಳ ಹಾಗೆ ಕಣ್ಣು ಒರೆಸಿಕೊಂಡಳು.

ಕತ್ತಿಯನ್ನು ತಾವೇ ಒರೆಸಿ ಮಡಚುತ್ತೇನೆಂದು ಅವರು ಕೇಳಿ ತೆಗೆದುಕೊಂಡರು. ಅಲಗು ಹಿಡಿಯೊಳಗೆ ಕೂರಲಿಲ್ಲ. ಎರಡು ಸಲ ಪ್ರಯತ್ನಿಸಿ ನನ್ನ ಕೈಗೆ ಕೊಟ್ಟರು.

“ಇನ್ಮೇಲೆ ನನ್ ಕೈಲಿ ಯಾರಿಗೂ ಮಾಡಕ್ಕಾಗಲ್ಲ ಕಣೋ,” ಎಂದರು. ಅಷ್ಟೇ. ದೂರು ಇರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ನನ್ನ ಐದು ನಿಮಿಷ ಅವರಿಗೆ ಎಷ್ಟು ದೊಡ್ಡದಾಗಿತ್ತು, ಕೊಡುವುದು ನನಗೆ ಎಷ್ಟು ಸಣ್ಣದಾಗಿತ್ತು! ಆ ಕೈ ಕಲ್ಲಿನಂತೆ ನಿಶ್ಚಲವಾಗಿದ್ದ ಹನ್ನೊಂದು ವರ್ಷಗಳನ್ನು ನಾನು ನಾಲ್ಕು ಜನರನ್ನು ನಗಿಸುವುದಕ್ಕೆ ಖರ್ಚು ಮಾಡಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಇನ್ನೊಂದು ಕುರ್ಚಿ ಎಳೆದು ಅವರ ಎದುರಿಗೆ ಹಾಕಿಕೊಂಡು ಕೂತೆ. ಅಂಗಿಯ ಗುಂಡಿ ಬಿಚ್ಚಿ, ಟವೆಲನ್ನು ಕೊರಳಿಗೆ ಸುತ್ತಿಕೊಂಡೆ.

“ಕತ್ತಿ ನಾನೇ ಹಿಡ್ಕೋತೀನಿ ಭಾವ. ಸೋಪು ನೀವು ಹಚ್ಚಿ.”

ಅವರು ಎಡಗೈಯಿಂದ ನನ್ನ ಕೊರಳಿನ ಟವೆಲನ್ನು ಸರಿಮಾಡಿದರು. ಆಮೇಲೆ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಸೋಪಿನ ಬಟ್ಟಲಿಗೆ ಇಟ್ಟರು. ಆ ಕೈಯ ನಡುಕಕ್ಕೆ ನೊರೆ ಉಕ್ಕಿ ಬಂತು. ಅಷ್ಟು ದಟ್ಟವಾದ ನೊರೆಯನ್ನು ಯಾವ ಸೆಲೂನಿನಲ್ಲೂ ನಾನು ಕಂಡಿಲ್ಲ. ಎಡಗೈಯಿಂದ ನನ್ನ ಗದ್ದ ಹಿಡಿದು ಸ್ವಲ್ಪ ಮೇಲೆತ್ತಿದರು. ಬ್ರಷ್ಷು ಕೆನ್ನೆಗೆ ಬಂತು, ಮೂಗಿಗೆ ಹೋಯಿತು, ಕಿವಿಯೊಳಗೂ ಒಂದು ಸುತ್ತು ಹಾಕಿತು, ಒಂದು ಸಲ ಕಣ್ಣಿಗೂ ತಾಗಿತು. ಚುರ್ರೆಂದು ಉರಿಯಿತು.

“ಅಲ್ಲಾಡ್ಬೇಡ ಕಣೋ,” ಎಂದರು ಭಾವ.

ನಾನು ಅಲ್ಲಾಡಲಿಲ್ಲ.